ಪ್ರತಿಕಾಯ ಸಾಕಷ್ಟಿದ್ದರೂ ವಯಸ್ಸಾದವರಿಗೆ ಲಸಿಕೆ ಏಕೆ ಹಿಡಿಯುವುದಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ರಕ್ತಪರೀಕ್ಷೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ (ಅಂದರೆ ಪ್ರತಿಕಾಯ) ಪ್ರಮಾಣ ಸರಿಯಾಗಿಯೇ ಇದೆ. ಆದರೂ ಈ ವಯಸ್ಸಿನಲ್ಲಿ ಲಸಿಕೆಯ ಪರಿಣಾಮ ಕಡಿಮೆ ಎನ್ನುತ್ತಾರೆ ವೈದ್ಯರು. ಇದು ಹೇಗೆ?

ಉತ್ತರ: ಎರಡೂ ನಿಜವೇ. ವಯಸ್ಸಾದ ಮಾತ್ರಕ್ಕೆ ರಕ್ತದಲ್ಲಿನ ಪ್ರತಿಕಾಯಗಳ ಒಟ್ಟು ಪ್ರಮಾಣ ಕುಸಿಯುವುದಿಲ್ಲ. ಕುಗ್ಗುವುದು ಹೊಸ ರೋಗಾಣುವಿಗೆ ತಕ್ಕ ಹೊಸ ಪ್ರತಿಕಾಯ ತಯಾರಿಸುವ ಶಕ್ತಿ. ವರದಿಯಲ್ಲಿರುವ ಅಂಕಿ ಹೆಚ್ಚಾಗಿ ಹಳೆಯ ಗಳಿಕೆಯ ಲೆಕ್ಕ.

ಆ ಗಳಿಕೆ ಎಷ್ಟು ಗಟ್ಟಿ ಗೊತ್ತೇ? 1915ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದ 32 ಜನರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. 1918ರ ಮಹಾ ಫ್ಲೂ ವೈರಸ್ಸನ್ನು ಗುರುತಿಸುವ ಪ್ರತಿಕಾಯ ಅಷ್ಟೂ ಜನರಲ್ಲಿ ಇತ್ತು, ಅದೂ ಸುಮಾರು 90 ವರ್ಷಗಳ ನಂತರ! ಚಿಕ್ಕಂದಿನಲ್ಲಿ ಕಲಿತ ಪಾಠ ಮುಪ್ಪಿನಲ್ಲೂ ಬಾಯಿಗೆ ಬರುತ್ತದೆ, ಹೊಸ ಪಾಠ ಮಾತ್ರ ತಲೆಗೆ ಹತ್ತುವುದಿಲ್ಲ ಎಂಬಂತೆ.

ಹೊಸ ಪಾಠ ನಡೆಯುವ ಜಾಗ ದುಗ್ಧಗ್ರಂಥಿ. ಪ್ರತಿಕಾಯ ತಯಾರಿಸುವ ರಕ್ತಕಣವೇ ಬಿ ಕೋಶ. ಲಸಿಕೆಯ ಅಂಶವನ್ನು ಗುರುತಿಸಿದ ಬಿ ಕೋಶ ಅಲ್ಲಿ ಬೇಗ ಬೇಗ ಒಡೆದು ಹೆಚ್ಚುತ್ತದೆ. ಹೆಚ್ಚುವಾಗ ತನ್ನ ಪ್ರತಿಕಾಯದ ಜೀನನ್ನು ತಾನೇ ಅಲ್ಲಲ್ಲಿ ತಿದ್ದಿಕೊಳ್ಳುತ್ತದೆ. ದೇಹವು ತನ್ನ ಡಿಎನ್‌ಎಯನ್ನು ಬೇಕೆಂದೇ ಕೆಡಿಸಿಕೊಳ್ಳುವ ಅಪರೂಪದ ಸಂದರ್ಭವಿದು. ಹಾಗೆ ಹುಟ್ಟಿದ ಮರಿಕೋಶಗಳಲ್ಲಿ ರೋಗಾಣುವನ್ನು ಬಿಗಿಯಾಗಿ ಹಿಡಿಯಬಲ್ಲವನ್ನು ಸಹಾಯಕ ಟಿ ಕೋಶಗಳು (ಇನ್ನೊಂದು ಬಗೆಯ ರಕ್ಷಕ ಕೋಶಗಳು) ಆರಿಸುತ್ತವೆ, ಉಳಿದವು ಸಾಯುತ್ತವೆ.

ಮುಪ್ಪು ಈ ಕೆಲಸವನ್ನು ಹಲವು ಕಡೆಯಿಂದ ಕಟ್ಟಿಹಾಕುತ್ತದೆ. ಜೀನ್ ತಿದ್ದುವ ಎಐಡಿ ಎಂಬ ಕಿಣ್ವ ಬಿ ಕೋಶಗಳಲ್ಲಿ ಕಡಿಮೆಯಾಗುತ್ತದೆ. ಟಿ ಕೋಶಗಳು ಪಳಗುವ ಥೈಮಸ್ ಗ್ರಂಥಿಯಂತೂ ಚಿಕ್ಕ ವಯಸ್ಸಿನಿಂದಲೇ ಕುಗ್ಗತೊಡಗಿ, ಇಳಿವಯಸ್ಸಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ಟಿ ಕೋಶಗಳ ಪೂರೈಕೆ ತೆಳುವಾದರೆ ಆಯ್ಕೆಯೂ ಸಡಿಲ. ಪ್ರತಿಕಾಯ ಹುಟ್ಟದೇ ಇರುವುದಿಲ್ಲ. ಹುಟ್ಟುವುದು ಕಡಿಮೆ, ಹಿಡಿತ ಸಾಲದು, ಬೇಗ ಇಳಿಯುತ್ತದೆ. ದೇಹದ ಸ್ವಂತ ಅಂಗಾಂಶಗಳ ವಿರುದ್ಧದ ಪ್ರತಿಕಾಯಗಳು ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ತಲೆನೋವು.

ಹಾಗಾದರೆ ಲಸಿಕೆ ವ್ಯರ್ಥವೇ? ಖಂಡಿತ ಅಲ್ಲ. ಲಸಿಕೆಯನ್ನೇ ವಯಸ್ಸಿಗೆ ತಕ್ಕಂತೆ ಬಲಪಡಿಸಬಹುದು. ಹಿರಿಯರ ಹೈ-ಡೋಸ್ ಫ್ಲೂ ಲಸಿಕೆಯಲ್ಲಿ ವೈರಸ್ಸಿನ ಪ್ರತಿ ತಳಿಗೆ ಸಾಮಾನ್ಯ ಲಸಿಕೆಯ 15ರ ಬದಲು 60 ಮೈಕ್ರೋಗ್ರಾಂ ಪ್ರೋಟೀನ್ ಇರುತ್ತದೆ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಎನಿಸುವುದು ಸರ್ಪಸುತ್ತಿನ ಲಸಿಕೆ. 70 ದಾಟಿದವರಲ್ಲಿ ಹಳೆಯ ಜೀವಂತ ಲಸಿಕೆ ರೋಗವನ್ನು ತಡೆದದ್ದು ಶೇ. 38ರಷ್ಟು. ಪ್ರತಿರೋಧವನ್ನು ಕೆರಳಿಸುವ ಸಹಾಯಕ ಪದಾರ್ಥ ಬೆರೆಸಿದ ಹೊಸ ಲಸಿಕೆ ಅದೇ ವಯಸ್ಸಿನವರಲ್ಲಿ ಸುಮಾರು ಶೇ. 90ರಷ್ಟು ತಡೆಯಿತು. ಸರ್ಪಸುತ್ತನ್ನು ಹದ್ದುಬಸ್ತಿನಲ್ಲಿಡುವುದು ಮುಖ್ಯವಾಗಿ ಟಿ ಕೋಶಗಳು, ನಿಜ. ಆದರೆ ಮುಪ್ಪಿನಲ್ಲಿ ಸೋಲುವುದೂ ಅವೇ ತಾನೆ?

ತಂದೆಯವರ ವೈದ್ಯರನ್ನು ಹಿರಿಯರಿಗೆಂದೇ ಇರುವ ಹೈ-ಡೋಸ್ ಅಥವಾ ಸಹಾಯಕ ಪದಾರ್ಥವಿರುವ ಲಸಿಕೆಯ ಬಗ್ಗೆ ಕೇಳಿ. ಸ್ಟೀರಾಯ್ಡ್‌ನಂಥ ಪ್ರತಿರೋಧ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಮೊದಲೇ ತಿಳಿಸಿ. ಫ್ಲೂ ಲಸಿಕೆ ಹಾಕಿಸಿದ ಮೇಲೆ ಪ್ರತಿಕಾಯ ಮೂಡಲು ಸುಮಾರು ಎರಡು ವಾರ ಬೇಕು, ಹಾಗಾಗಿ ಫ್ಲೂ ಹರಡುವ ಕಾಲಕ್ಕೆ ಮುಂಚೆಯೇ ಹಾಕಿಸಿ.