ಪಟ್ಟಿಯಲ್ಲಿ ಹೆಸರಿದ್ದವರಿಗೆ ಸಿಕ್ಕ ಪ್ಯಾಕೇಜ್: ಕೊರೊನಾ ನೆರವು ನಮ್ಮ ಸೀಮೆಗೆ ಬಂದ ಬಗೆ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ‘ಕೊರೊನಾ ಪ್ಯಾಕೇಜ್’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಸೊಸೈಟಿಯಲ್ಲಿ ಕೊಟ್ಟ ಹೆಚ್ಚುವರಿ ಅಕ್ಕಿ ಕೆಲವರಿಗೆ, ಮೆಕ್ಕೆಜೋಳಕ್ಕೆ ಬಂದ 5,000 ರೂಪಾಯಿ ಇನ್ನು ಕೆಲವರಿಗೆ. ಆಟೊ ಓಡಿಸುವವರು ತಮ್ಮ ಅರ್ಜಿಯ ಕಥೆ ಹೇಳುತ್ತಾರೆ, ಹೆಣ್ಣುಮಕ್ಕಳು ಜನಧನ್ ಖಾತೆಯ 500 ರೂಪಾಯಿಯ ಮಾತು ತೆಗೆಯುತ್ತಾರೆ. ಎರಡು ಸರ್ಕಾರಗಳು ಎರಡು ವರ್ಷಗಳಲ್ಲಿ ಹೊರಡಿಸಿದ ಹತ್ತಾರು ಆದೇಶಗಳು ಜನರ ಬಾಯಲ್ಲಿ ಒಂದೇ ಹೆಸರು ಪಡೆದಿವೆ. ಕೊಟ್ಟವರು ಯಾರು ಎಂಬ ಜಗಳವೂ ಇದರಿಂದಲೇ ಹುಟ್ಟಿದ್ದು. ಆದರೆ ಯಾರಿಗೆ ಯಾಕೆ ಸಿಕ್ಕಿತು, ಪಕ್ಕದ ಮನೆಯವರಿಗೆ ಯಾಕೆ ಸಿಗಲಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಅದಕ್ಕಿಂತ ಮುಖ್ಯ.

ಬರ ಮತ್ತು ರೋಗ ಈ ಸೀಮೆಗೆ ಹೊಸವಲ್ಲ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೂ ಕೆಳಗಿತ್ತು. ಆಗ ಸರ್ಕಾರಕ್ಕೆ ಗೊತ್ತಿದ್ದ ನೆರವು ಎರಡೇ, ಗಂಜಿ ಮತ್ತು ಕಾಮಗಾರಿ. ಕಲ್ಲು ಒಡೆಯಲು, ಮಣ್ಣು ಹೊರಲು ಬಂದವರಿಗೆ ಕೂಲಿ. ಕೆಲಸದ ಜಾಗಕ್ಕೆ ನಡೆದುಬಂದದ್ದೇ ಅರ್ಹತೆ. ಹಿರಿಯೂರಿನ ಮಾರಿಕಣಿವೆಗೆ ಅಡ್ಡಲಾಗಿ ಅಣೆಕಟ್ಟು ಎದ್ದು 1907ರಲ್ಲಿ ಮುಗಿದದ್ದು ಆ ಬರದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ. ಅಷ್ಟರಲ್ಲೇ ಪ್ಲೇಗ್ ಬಂತು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಬಂತು. ಊರು ಮುಚ್ಚಲು, ಪ್ರಯಾಣಿಕರನ್ನು ತಪಾಸಣೆ ಮಾಡಲು ಆ ಪುಟ್ಟ ಕಾಯ್ದೆ ಅಧಿಕಾರ ಕೊಡುತ್ತದೆ. ಮುಚ್ಚಿಸಿಕೊಂಡವರು ಏನು ಉಣ್ಣಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. 2020ರಲ್ಲಿ ನಾವು ಕೈಗೆತ್ತಿಕೊಂಡದ್ದೂ ಅದೇ ಕಾಯ್ದೆಯನ್ನೇ.

ನಡುವಿನ ನೂರು ವರ್ಷಗಳಲ್ಲಿ ರೇಷನ್ ಕಾರ್ಡ್, ಪಿಂಚಣಿ, ಬೆಳೆ ಪರಿಹಾರ, ಬ್ಯಾಂಕ್ ಖಾತೆ, ಆಧಾರ್ ಒಂದರ ಹಿಂದೆ ಒಂದು ಬಂದು ಕಾಮಗಾರಿಯ ಜಾಗದಲ್ಲಿ ಪಟ್ಟಿಗಳು ಕೂತವು. ಒಂದು ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು, ಉದ್ಯೋಗ ಖಾತರಿ. 2006ರ ಫೆಬ್ರುವರಿ 2ರಂದು ದೇಶದ 200 ಹಿಂದುಳಿದ ಜಿಲ್ಲೆಗಳಲ್ಲಿ ಅದು ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದವು ಐದೇ ಜಿಲ್ಲೆ. ಬೀದರ್, ಗುಲ್ಬರ್ಗ, ರಾಯಚೂರಿನ ಜೊತೆ ಚಿತ್ರದುರ್ಗ ಮತ್ತು ದಾವಣಗೆರೆ ಅದರಲ್ಲಿದ್ದವು.

2020ರ ಮಾರ್ಚ್ 24ರ ರಾತ್ರಿ ದೇಶ ಮುಚ್ಚಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಘೋಷಿಸಿತು. ಪಡಿತರದಾರರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ, ಮನೆಗೆ ಒಂದು ಕೆ.ಜಿ. ಬೇಳೆ, ಮಹಿಳೆಯರ ಜನಧನ್ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ, ಉಜ್ವಲಾ ಸಿಲಿಂಡರ್, ಪಿಎಂ ಕಿಸಾನ್‌ನ 2,000 ರೂಪಾಯಿಯ ಕಂತು ಮುಂಚಿತವಾಗಿ, ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ 1,000 ರೂಪಾಯಿ. ಇಷ್ಟು ಬೇಗ ಇಷ್ಟು ಜನರಿಗೆ ಹಣ, ಧಾನ್ಯ ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪಲೇಬೇಕು. ಅದು ಸಾಧ್ಯವಾದದ್ದು ಪಟ್ಟಿಗಳು ಮೊದಲೇ ಸಿದ್ಧವಿದ್ದದ್ದರಿಂದ. ಆದರೆ ಆ ಪಟ್ಟಿಗಳು ಹಳೆಯವು. ಆಹಾರ ಭದ್ರತಾ ಕಾಯ್ದೆಯಡಿ ಕರ್ನಾಟಕಕ್ಕೆ ನಿಗದಿಯಾದ 4.01 ಕೋಟಿ ಫಲಾನುಭವಿಗಳ ಲೆಕ್ಕ 2011ರ ಜನಗಣತಿಯದು. ಬೇರೆಯಾದ ಮನೆ, ಮದುವೆಯಾಗಿ ಬಂದ ಸೊಸೆ, ಆಮೇಲೆ ಹುಟ್ಟಿದ ಮಕ್ಕಳು ಆ ಲೆಕ್ಕದ ಹೊರಗೆ.

ರಾಜ್ಯ ಸರ್ಕಾರದ ಸರದಿ ಮೇ 6ಕ್ಕೆ ಬಂತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ–ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ 5,000 ರೂಪಾಯಿ. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರಿಗೆ ಮಾತ್ರ. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟಿದ್ದ 2,000ದ ಮೇಲೆ ಇನ್ನೂ 3,000. ಕೈಮಗ್ಗದ ನೇಕಾರರಿಗೆ 2,000. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಗಳಿಗೆ ಇದು ಅನ್ವಯಿಸಿತು. ಮುಂದಿನ ಹತ್ತೇ ದಿನಗಳಲ್ಲಿ ಮತ್ತೆರಡು ಪ್ಯಾಕೇಜ್ ಬಂದವು. ಹಣ್ಣು, ತರಕಾರಿ ಬೆಳೆಗಾರರು, ವಿದ್ಯುತ್ ಮಗ್ಗದ ಕಾರ್ಮಿಕರು, ಆಶಾ ಕಾರ್ಯಕರ್ತೆಯರು ಸೇರಿಕೊಂಡರು. ಮೂರನೆಯದರಲ್ಲಿ ಬಂದದ್ದು ಮೆಕ್ಕೆಜೋಳ. ರಾಜ್ಯದ ಹತ್ತು ಲಕ್ಷ ರೈತರಿಗೆ ತಲಾ 5,000 ರೂಪಾಯಿಯಂತೆ 500 ಕೋಟಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಿಲ್ಲೆಗಳ ಮಟ್ಟಿಗೆ ಕೊರೊನಾ ಪ್ಯಾಕೇಜಿನ ಗಟ್ಟಿತನವೂ ಅದರ ಬಿರುಕೂ ಮೆಕ್ಕೆಜೋಳದಲ್ಲಿ ಕಂಡಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಮೆಕ್ಕೆಜೋಳದ ಬೆಲೆ ಬಿದ್ದದ್ದು ಲಾಕ್‌ಡೌನ್ ಒಂದರಿಂದಲೇ ಅಲ್ಲ. 2020ರ ಆರಂಭದಲ್ಲಿ ಕ್ವಿಂಟಲ್ ಬೆಲೆ ಎರಡು ಸಾವಿರದ ಆಸುಪಾಸಿನಲ್ಲಿತ್ತು. ಫೆಬ್ರುವರಿ ಹೊತ್ತಿಗೆ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಮೊಬೈಲ್‌ಗಳಲ್ಲಿ ಓಡಾಡಿತು. ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಪತ್ತೆಯಾಗಿ ಕೋಳಿಗಳನ್ನು ಕೊಲ್ಲಬೇಕಾಯಿತು. ಕೋಳಿ ಕೇಳುವವರಿಲ್ಲದೆ ಫಾರಂಗಳು ಖಾಲಿಯಾದವು, ಫಾರಂ ಖಾಲಿಯಾದ ಮೇಲೆ ಮೇವು ಯಾರಿಗೆ ಬೇಕು? ನಮ್ಮ ಮೆಕ್ಕೆಜೋಳದ ದೊಡ್ಡ ಗಿರಾಕಿಯೇ ಕೋಳಿ ಮೇವಿನ ಕಾರ್ಖಾನೆ. ಅದರ ಮೇಲೆ ಲಾಕ್‌ಡೌನ್ ಬಂದು ಲಾರಿ ನಿಂತವು. ಮೇ ಹೊತ್ತಿಗೆ ಬೆಲೆ 1,200–1,300ಕ್ಕೆ ಇಳಿದಿತ್ತು. ಕೇಂದ್ರ ಆ ಹಂಗಾಮಿಗೆ ಘೋಷಿಸಿದ್ದ ಬೆಂಬಲ ಬೆಲೆ 1,760 ರೂಪಾಯಿ. ಭತ್ತ, ರಾಗಿಯನ್ನಾದರೆ ಪಡಿತರಕ್ಕೆಂದು ಸರ್ಕಾರ ಕೊಳ್ಳುತ್ತದೆ. ಮೆಕ್ಕೆಜೋಳ ಪಡಿತರದಲ್ಲಿಲ್ಲ, ಹಾಗಾಗಿ ಅದರ ಬೆಂಬಲ ಬೆಲೆ ಬಹುಮಟ್ಟಿಗೆ ಕಾಗದದ ಮೇಲಿನ ಬೆಲೆ.

5,000 ರೂಪಾಯಿ ಬಂದದ್ದು ಈ ಹೊತ್ತಿನಲ್ಲಿ. ಲೆಕ್ಕ ಸುಲಭ. ಬೆಂಬಲ ಬೆಲೆಗಿಂತ ಕ್ವಿಂಟಲ್‌ಗೆ 500 ರೂಪಾಯಿ ಕಡಿಮೆಗೆ ಮಾರಿದವರಿಗೆ ಅದು ಹತ್ತು ಕ್ವಿಂಟಲ್‌ನ ನಷ್ಟ ತುಂಬಿತು. ಮಳೆ ಚೆನ್ನಾಗಿ ಬಿದ್ದ ವರ್ಷ ಒಂದು ಎಕರೆಯೇ ಅದಕ್ಕಿಂತ ಹೆಚ್ಚು ಕೊಡುತ್ತದೆ. ಆದರೂ ಜೂನ್ ಎದುರಿಗಿತ್ತು, ಬೀಜ–ಗೊಬ್ಬರಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಖಾತೆಗೆ ನೇರವಾಗಿ ಬಂದ ಆ ದುಡ್ಡು ಬಹಳ ಮನೆಗಳ ಬಿತ್ತನೆಗೆ ಒದಗಿತು. ಅದನ್ನು ಹಗುರ ಮಾಡಬಾರದು.

ಆದರೆ ಆ ದುಡ್ಡು ಯಾರ ಖಾತೆಗೆ ಹೋಯಿತು? ಹಿಂದಿನ ಮುಂಗಾರಿನ ಬೆಳೆ ಸಮೀಕ್ಷೆಯೇ ಆಧಾರ. ಮೊಬೈಲ್ ಆ್ಯಪ್ ಹಿಡಿದು ಸರ್ವೆ ನಂಬರ್ ಪ್ರಕಾರ ಹೊಲದಲ್ಲಿ ಏನಿದೆ ಎಂದು ದಾಖಲಿಸಿದ್ದು. ಆ ದಿನ ಯಾರು ಬೆಳೆ ಮಾರಿದ್ದಾರೆ, ಯಾರು ಇಟ್ಟುಕೊಂಡಿದ್ದಾರೆ ಎಂಬುದು ಅದಕ್ಕೆ ಗೊತ್ತಾಗುವಂತಿರಲಿಲ್ಲ. ಡಿಸೆಂಬರ್‌ನಲ್ಲೇ ಒಳ್ಳೆಯ ಬೆಲೆಗೆ ಮಾರಿದವರಿಗೂ 5,000, ಮೇ ತನಕ ಕಾಯ್ದು ಕೆಟ್ಟವರಿಗೂ 5,000. ಸಮೀಕ್ಷೆಯಲ್ಲಿ ಬೆಳೆಯ ಹೆಸರು ತಪ್ಪಾಗಿದ್ದರೆ ಏನೂ ಇಲ್ಲ. ಪಹಣಿ, ಅಂದರೆ ಜಮೀನಿನ ದಾಖಲೆ, ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ಅದು ಪೌತಿ ಖಾತೆಯಾಗಿ ವಾರಸುದಾರರ ಹೆಸರಿಗೆ ಬರುವ ತನಕ ಏನೂ ಇಲ್ಲ. ಆಧಾರ್ ಜೋಡಣೆಯಾಗದ ಖಾತೆಗಳದ್ದೂ ಅದೇ ಕಥೆ.

ಎಲ್ಲಕ್ಕಿಂತ ದೊಡ್ಡ ಬಿರುಕು ಬೇರೆಯವರ ಹೊಲವನ್ನು ಕೋರಿಗೆ (ಪಾಲಿಗೆ), ಗುತ್ತಿಗೆಗೆ ಮಾಡುವವರದು. ನಮ್ಮ ಕಡೆ ಎಷ್ಟೋ ಹೊಲಗಳ ಯಜಮಾನರು ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಉಳುವವರು, ಬಿತ್ತುವವರು, ಗೊಬ್ಬರದ ಅಂಗಡಿಯಲ್ಲಿ ಸಾಲ ಬರೆಸುವವರು ಬೇರೆ. ಬೆಲೆ ಬಿದ್ದರೆ ಮುಳುಗುವವರೂ ಅವರೇ. ಈ ಒಪ್ಪಂದಗಳೆಲ್ಲ ಬಾಯಿ ಮಾತಿನವು. ಅದಕ್ಕೆ ಕಾರಣ ಹಳೆಯದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಉಳುವವನೇ ಹೊಲದೊಡೆಯನಾಗಲಿ ಎಂದು ಮಾಡಿದ ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು, ಅದರ ಋಣ ದೊಡ್ಡದು. ಆಮೇಲೆ ಹುಟ್ಟಿಕೊಂಡ ಹೊಸ ಗುತ್ತಿಗೆದಾರರನ್ನು ಮಾತ್ರ ಅದು ಗುರುತಿಸಲಾರದು. ಕಾನೂನಿನ ಕಣ್ಣಿಗೆ ಇಲ್ಲದವರು ಪಟ್ಟಿಗೆ ಬರುವುದಾದರೂ ಹೇಗೆ? ಯಾವ ಅಧಿಕಾರಿಯೂ ಬೇಕೆಂದು ಅವರನ್ನು ಬಿಟ್ಟದ್ದಲ್ಲ. ಪರಿಹಾರ ಪಹಣಿಯ ಹಿಂದೆ ಹೋಯಿತು, ನಷ್ಟ ಉಳುಮೆ ಮಾಡಿದವರ ಮನೆಯಲ್ಲಿ ಉಳಿಯಿತು.

ಪೇಟೆಯಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬಂತು. ಆಟೊ ಚಾಲಕರು ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಅದಕ್ಕೆ ಲೈಸೆನ್ಸ್, ಗಾಡಿಯ ದಾಖಲೆ ಬೇಕು. ಬಾಡಿಗೆ ಆಟೊ ಓಡಿಸುವವರ ಬಳಿ ಅವೆಲ್ಲ ಎಲ್ಲಿಂದ ಬರಬೇಕು? ಕಟ್ಟಡ ಕಾರ್ಮಿಕರಿಗೆ ಲೇಬರ್ ಕಾರ್ಡ್ ಬೇಕು, ನವೀಕರಿಸದೆ ಅವಧಿ ಮುಗಿದಿದ್ದರೆ ಮುಗಿಯಿತು. ಎರಡನೇ ಅಲೆಯಲ್ಲಿ, 2021ರ ಮೇ 19ರಂದು ಬಂದ 1,250 ಕೋಟಿಯ ಪ್ಯಾಕೇಜ್ ಅಸಂಘಟಿತ ಕಾರ್ಮಿಕರಿಗೆ 2,000 ರೂಪಾಯಿ ಎಂದಿತು. ಜೊತೆಗೆ ಹನ್ನೊಂದು ಕಸುಬುಗಳನ್ನು ಹೆಸರಿಸಿತು: ಅಗಸರು, ಕ್ಷೌರಿಕರು, ಟೈಲರ್‌ಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಕಮ್ಮಾರರು, ಮನೆಗೆಲಸದವರು, ಚಮ್ಮಾರರು. ಇಷ್ಟು ಕಸುಬುಗಳನ್ನು ಗುರುತಿಸಿದ್ದೇ ದೊಡ್ಡ ಹೆಜ್ಜೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ನಿಲ್ಲುವವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು, ಖಾನಾವಳಿ–ಹೋಟೆಲ್‌ಗಳ ಸಪ್ಲೈಯರ್‌ಗಳು ಆ ಹನ್ನೊಂದರಲ್ಲಿ ಎಲ್ಲಿದ್ದಾರೆ? ಮಂಡಕ್ಕಿ ಮೂಟೆ ಹೊತ್ತ ಹಮಾಲರು ಪಟ್ಟಿಯಲ್ಲಿದ್ದರು, ಅದನ್ನು ಹುರಿದವರು ಇರಲಿಲ್ಲ. ಬೀದಿ ವ್ಯಾಪಾರಿಗಳಿಗೆ ಅದೇ ಪ್ಯಾಕೇಜಿನಲ್ಲಿ 2,000 ಇತ್ತು. ಅದಕ್ಕೂ ಮೊದಲು, 2020ರ ಜೂನ್‌ನಲ್ಲೇ ಪಿಎಂ ಸ್ವನಿಧಿಯ 10,000 ರೂಪಾಯಿ ಸಾಲ ಶುರುವಾಗಿತ್ತು. ಎರಡಕ್ಕೂ ನಗರಸಂಸ್ಥೆಯ ಗುರುತು ಬೇಕೇ ಬೇಕು.

ಇನ್ನು ದೊಡ್ಡ ಅಂಕಿ, 2020ರ ಮೇ 12ರಂದು ಪ್ರಧಾನಿ ಘೋಷಿಸಿದ 20 ಲಕ್ಷ ಕೋಟಿಯ ಆತ್ಮನಿರ್ಭರ ಪ್ಯಾಕೇಜ್. ಅದರಲ್ಲಿ ಹೆಚ್ಚಿನ ಪಾಲು ಕೈಗೆ ಬರುವ ದುಡ್ಡಲ್ಲ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಒದಗಿಸಿದ ನಗದು, ಸಣ್ಣ ಕೈಗಾರಿಕೆಗಳಿಗೆ ಸರ್ಕಾರದ ಖಾತರಿಯಲ್ಲಿ 3 ಲಕ್ಷ ಕೋಟಿ ಸಾಲ, ಇಂಥವು. ಸಾಲದ ಕಂತನ್ನು ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯ ತನಕ ಮುಂದೂಡಿಕೊಳ್ಳಲು ಅವಕಾಶ ಸಿಕ್ಕಿತು. ಮುಂದೂಡಿದ್ದು ಕಂತು ಮಾತ್ರ, ಬಡ್ಡಿ ಬೆಳೆಯುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿ ಸುಪ್ರೀಂ ಕೋರ್ಟ್ ತನಕ ಹೋಗಿ, 2 ಕೋಟಿ ರೂಪಾಯಿ ತನಕದ ಸಾಲಗಳಿಗೆ ಸರ್ಕಾರವೇ ಅದನ್ನು ತುಂಬಿಕೊಟ್ಟಿತು.

ಹಾಗಾದರೆ ಪಟ್ಟಿಯ ಹಂಗು ಕಡಿಮೆ ಇದ್ದ ನೆರವು ಯಾವುದು? ನನ್ನ ಅಭಿಪ್ರಾಯದಲ್ಲಿ ನರೇಗಾ, ಅಂದರೆ ಮೇಲೆ ಹೇಳಿದ ಉದ್ಯೋಗ ಖಾತರಿ. ಉದ್ಯೋಗ ಚೀಟಿ ಇಲ್ಲದವರು ಅರ್ಜಿ ಕೊಟ್ಟು ಹದಿನೈದು ದಿನದೊಳಗೆ ಪಡೆಯಬಹುದಿತ್ತು, ಕೆಲಸ ಕೇಳಿದ ಹದಿನೈದು ದಿನದೊಳಗೆ ಕೆಲಸ ಕೊಡಬೇಕಿತ್ತು. ಭೂಮಿ ಇದೆಯೋ ಇಲ್ಲವೋ, ಕಸುಬು ಯಾವುದು ಎಂದು ಕೇಳುತ್ತಿರಲಿಲ್ಲ. 2020ರಲ್ಲಿ ಕರ್ನಾಟಕದ ದಿನಗೂಲಿ 249ರಿಂದ 275ಕ್ಕೆ ಏರಿತು, ಸಲಿಕೆ–ಪಿಕಾಸಿ ಹರಿತ ಮಾಡಿಸಲು 10 ರೂಪಾಯಿ ಬೇರೆ. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೊಡುವ ರೂಢಿ ಇರುವ ಕಡೆ, ಇಲ್ಲಿ ಇಬ್ಬರಿಗೂ ಒಂದೇ. ಬೆಂಗಳೂರಿನ ಕಟ್ಟಡದ ಕೆಲಸ ಬಿಟ್ಟು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿಗೆ ವಾಪಸಾದವರಿಗೆ ಬದು ಹಾಕುವ, ಕೆರೆ ಹೂಳೆತ್ತುವ ಕೆಲಸ ಸಿಕ್ಕಿತು. ಕೇಂದ್ರ 40,000 ಕೋಟಿ ಹೆಚ್ಚುವರಿ ಕೊಟ್ಟ ಆ ವರ್ಷ ದೇಶದಲ್ಲಿ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಹಿಂದಿನ ವರ್ಷ ಅದು 265 ಕೋಟಿ ಇತ್ತು. ಕೂಲಿ ತಡವಾದದ್ದುಂಟು, ನೂರು ದಿನದ ಮಿತಿ ಬೇಗ ಮುಗಿದದ್ದೂ ಉಂಟು. ಆದರೂ ಧಾತು ಬರದ ಕಾಮಗಾರಿಯ ಹಾಗೆ, ಬಂದವರಿಗೆ ಕೆಲಸ ಎಂಬ ನ್ಯಾಯ ಅದರಲ್ಲಿತ್ತು. ಪೇಟೆಗೆ ಮಾತ್ರ ಅಂಥದ್ದೊಂದು ಖಾತರಿ ಇರಲಿಲ್ಲ. ಭಟ್ಟಿ ಆರಿದ ಮೇಲೆ ಅಲ್ಲಿನ ಕೆಲಸಗಾರರು ಹೋಗಿ ನಿಲ್ಲಲು ಒಂದು ಜಾಗ ಇರಲಿಲ್ಲ.

ಆಮೇಲಿನದ್ದು ಹತ್ತಿರದ ಇತಿಹಾಸ. ಕೇಂದ್ರದ ಹೆಚ್ಚುವರಿ ಅಕ್ಕಿ ನಡುವೆ ನಿಂತು, ಮತ್ತೆ ಶುರುವಾಗಿ 2022ರ ಡಿಸೆಂಬರ್‌ಗೆ ಮುಗಿಯಿತು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯ್ದೆಯ 5 ಕೆ.ಜಿ.ಯೇ ಪೂರ್ತಿ ಉಚಿತವಾಯಿತು. ಅದೇ ವರ್ಷ ರಾಜ್ಯದ ಅನ್ನಭಾಗ್ಯದ ಇನ್ನೈದು ಕೆ.ಜಿ.ಗೆ ಅಕ್ಕಿ ಸಿಗದೆ, ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿತು. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಯಾರ ಅಕ್ಕಿ ಎಂಬ ಗೊಂದಲದ ಮೂಲ ಇಲ್ಲಿದೆ.

ಪಟ್ಟಿಯ ಬಿರುಕು ಮಾತ್ರ ಹಾಗೇ ಇದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ ಪರಿಹಾರ ಕೊಟ್ಟಾಗ ಆಧಾರವಾದದ್ದು ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ, ಅದರ ಹಿಂದೆ ಪಹಣಿ. 2025ರ ಕೊನೆಗೆ ಮೆಕ್ಕೆಜೋಳದ ಬೆಂಬಲ ಬೆಲೆ 2,400 ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದರು. ಗುತ್ತಿಗೆಗೆ ಮಾಡಿದವರ ಹೆಸರು ಆಗಲೂ ಎಲ್ಲೂ ಇರಲಿಲ್ಲ. ಮೊಳಕಾಲ್ಮೂರು ದಾಟಿ ಆಂಧ್ರದ ರಾಯದುರ್ಗಕ್ಕೆ ಹೋದರೆ ಅಲ್ಲಿ 2019ರ ಕಾನೂನಿನಡಿ ಗುತ್ತಿಗೆ ರೈತರಿಗೆ ಹನ್ನೊಂದು ತಿಂಗಳ ಸಾಗುವಳಿ ಕಾರ್ಡ್ ಕೊಡಲು ಅವಕಾಶವಿದೆ. ಭೂಮಿಯ ಹಕ್ಕಿಗೆ ಅದರಿಂದ ಧಕ್ಕೆ ಇಲ್ಲ; ಬೆಳೆ ಸಾಲ, ವಿಮೆ, ಪರಿಹಾರ ಮಾತ್ರ ಬೆಳೆದವರಿಗೆ. ಮಾಲೀಕರ ಒಪ್ಪಿಗೆ ಬೇಕೆಂಬ ಷರತ್ತಿನಿಂದ ಅಲ್ಲೂ ಬಹಳ ಜನ ಹೊರಗೇ ಇದ್ದಾರೆ. ಆದರೆ ಕಾರ್ಡ್ ಕೇಳಲು ಒಂದು ಕಾನೂನಾದರೂ ಅವರಿಗಿದೆ. ಗಡಿಯ ಈಚೆಗೆ ಅದೂ ಇಲ್ಲ.