ಅಲಿ ಎದುರು ಇನೋಕಿ ಮಲಗಿದ್ದು ಯಾಕೆ?

ಓದುಗರ ಪ್ರಶ್ನೆ: ಬಾಕ್ಸರ್ ಮುಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೋನಿಯೊ ಇನೋಕಿ ಅವರ ಪಂದ್ಯದ ವಿಡಿಯೊ ನೋಡಿದೆ. ಇನೋಕಿ ಹೆಚ್ಚುಕಮ್ಮಿ ಪೂರ್ತಿ ಹೊತ್ತು ನೆಲಕ್ಕೆ ಬೆನ್ನು ಹಾಕಿಕೊಂಡು ಒದೀತಾನೇ ಇದ್ದರು. ಅವರು ಹೆದರಿದ್ರಾ? ಇಲ್ಲ, ಅದೂ ಮೊದಲೇ ಮಾತಾಡಿಕೊಂಡ ಆಟನಾ?

ಎರಡೂ ಅಲ್ಲ. ಇನೋಕಿ ಆಡುತ್ತಿದ್ದ, ಜನರ ಮುಂದೆ ಪ್ರದರ್ಶನಕ್ಕೆ ಆಡುವ ಕುಸ್ತಿಯಾದ ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ಗೊತ್ತಾಗಿರುತ್ತದೆ, ನಿಜ. ಆದರೆ ಈ ಪಂದ್ಯದಲ್ಲಿ ಹಾಗಾಗಲಿಲ್ಲ. ಮೊದಲೇ ಗೊತ್ತು ಮಾಡಿಕೊಂಡಿದ್ದರೆ ಇಷ್ಟು ಬೇಸರದ ಆಟವನ್ನು ಯಾರೂ ಆಡುತ್ತಿರಲಿಲ್ಲ. ಜನರನ್ನು ಮೆಚ್ಚಿಸೋದು ಹೇಗೆ ಅಂತ ಇಬ್ಬರಿಗೂ ಚೆನ್ನಾಗಿಯೇ ಗೊತ್ತಿತ್ತು.

1976ರ ಜೂನ್ 26, ಟೋಕಿಯೋದ ನಿಪ್ಪಾನ್ ಬುಡೋಕಾನ್. 3 ನಿಮಿಷದ 15 ಸುತ್ತು. ಅಲಿ ಆಗ ಹೆವಿವೇಟ್ ವಿಶ್ವ ಚಾಂಪಿಯನ್. ಕುಸ್ತಿಯವನು ಎದುರಾಳಿಯನ್ನು ಹಿಡಿಯಬೇಕಾದರೆ ಕೈಗೆಟುಕುವಷ್ಟು ಹತ್ತಿರ ಹೋಗಲೇಬೇಕು. ಅಲಿ ಗುದ್ದು ಬೀಳೋದೂ ಅದೇ ಜಾಗದಲ್ಲಿ. ಸಾಲದ್ದಕ್ಕೆ, ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಲಿ ಕಡೆಯವರು ನಿಯಮ ಬಿಗಿ ಮಾಡಿಸಿದರು ಅಂತ ಇನೋಕಿ ಕಡೆಯವರು ಕೊನೆವರೆಗೂ ಹೇಳುತ್ತಾ ಬಂದರು. ಅವರ ಪ್ರಕಾರ ಎತ್ತಿ ಎಸೆಯುವ ಪಟ್ಟುಗಳಿಗೆ ತಡೆ ಬಿತ್ತು. ನಿಂತುಕೊಂಡು ಒದೆಯುವ ಹಾಗಿರಲಿಲ್ಲ, ಒದೆಯಬೇಕಾದರೆ ಮಂಡಿಯಾದರೂ ನೆಲಕ್ಕೆ ತಾಗಿರಬೇಕಿತ್ತು. ಹಾಗಿರುವಾಗ ಉಳಿದ ದಾರಿ ಯಾವುದು? ಗುದ್ದು ಎಟುಕದ ಕಡೆ ಮಲಗಿ, ಕಾಲಿಗೆ ಹೊಡೆಯೋದು.

ಇನೋಕಿ ಅದನ್ನೇ ಮಾಡಿದರು. ಗಂಟೆ ಹೊಡೆದ ತಕ್ಷಣ ಓಡಿ ಬಂದು, ಜಾರಿ, ಅಲಿ ಕಾಲಿಗೆ ಒದೆಯಲು ನೋಡಿದರು. ಅದು ತಪ್ಪಿತು. ಆಮೇಲೆ ಮಲಗಿದಲ್ಲಿಂದಲೇ ಎಡಗಾಲಿಗೆ ಒದೆ ಮೇಲೆ ಒದೆ. ಅಲಿ ಸುತ್ತ ಸುತ್ತುತ್ತಾ 'ಎದ್ದು ಬಾ' ಅಂತ ಕರೆಯುತ್ತಿದ್ದರು. 6ನೇ ಸುತ್ತಿನಲ್ಲಿ ಅಲಿ ಬಗ್ಗಿ ಇನೋಕಿ ಕಾಲು ಹಿಡಿದುಕೊಂಡರು. ಇನೋಕಿ ಇನ್ನೊಂದು ಕಾಲು ಕೊಟ್ಟು ಅವರನ್ನು ಕೆಡವಿ ಮೇಲೆ ಕೂತೇಬಿಟ್ಟರು. ಅಲ್ಲಿ ಮುಖಕ್ಕೆ ಮೊಣಕೈ ಏಟು ಕೊಟ್ಟಿದ್ದು ನಿಯಮಕ್ಕೆ ವಿರುದ್ಧ. ರಿಂಗಿನ ಹಗ್ಗವೂ ಪಕ್ಕದಲ್ಲೇ ಇತ್ತು. ಅದಕ್ಕೇ ರೆಫರಿ ಜೀನ್ ಲೆಬೆಲ್ ಇಬ್ಬರನ್ನೂ ಬಿಡಿಸಿದರು. ಇಡೀ ಪಂದ್ಯದಲ್ಲಿ ಇನೋಕಿ ಗೆಲುವಿಗೆ ಅಷ್ಟು ಹತ್ತಿರ ಬಂದಿದ್ದು ಆ ಕೆಲವು ಕ್ಷಣ ಮಾತ್ರ.

ಇನ್ನೊಂದು ಸಣ್ಣ ವಿಷಯ ಗಮನಿಸಿ. ಇನೋಕಿ ಬೂಟಿನಿಂದ ಅಲಿ ಕಾಲು ತರಚುತ್ತಿದೆ ಅಂತ ಅಲಿ ಕೋಚ್ ಆಂಜೆಲೊ ಡಂಡಿ ಜಗಳ ತೆಗೆದು, ಬೂಟಿಗೆ ಟೇಪ್ ಸುತ್ತಿಸಿದರು. ಮೊದಲೇ ಮಾತಾಡಿಕೊಂಡ ಆಟದಲ್ಲಿ ಕೋಚ್ ಹೀಗೆ ಗಾಬರಿಯಾಗಲ್ಲ, ಅಲ್ವಾ? ಕೊನೆಗೆ ಪಂದ್ಯ ಡ್ರಾ ಆಯಿತು. ಅಂಕ ಕೊಟ್ಟ ಮೂವರಲ್ಲಿ ಒಬ್ಬರು ಅಲಿ ಪರ, ಒಬ್ಬರು ಇನೋಕಿ ಪರ, ಇನ್ನೊಬ್ಬರದ್ದು ಸಮ. ರೊಚ್ಚಿಗೆದ್ದ ಜನ ರಿಂಗಿನತ್ತ ಕಸ ಎಸೆದರು. ಆದರೆ ಅಲಿ ಕಾಲು ಊದಿಕೊಂಡಿತ್ತು. ಮುಂದೆ ರಕ್ತ ಹೆಪ್ಪುಗಟ್ಟಿ ಅಮೆರಿಕದಲ್ಲಿ ಆಸ್ಪತ್ರೆ ಸೇರಬೇಕಾಯಿತು.

ಇಷ್ಟು ಅಪಾಯದ, ಇಷ್ಟು ದುಡ್ಡು ಸುರಿದ ಪಂದ್ಯಕ್ಕೆ ಇನೋಕಿ ಯಾಕೆ ಕೈಹಾಕಿದರು? ನನಗೆ ಮುಖ್ಯ ಅನಿಸೋದು ಈ ಪ್ರಶ್ನೆಯೇ.

ಇನೋಕಿ ಹುಟ್ಟಿದ್ದು 1943ರಲ್ಲಿ, ಯೊಕೊಹಾಮಾದಲ್ಲಿ. 14ನೇ ವಯಸ್ಸಿನಲ್ಲಿ ಮನೆಮಂದಿ ಜೊತೆ ಬ್ರೆಜಿಲ್‌ಗೆ ಹೊರಟರು. ದಾರಿಯಲ್ಲಿ ಹಡಗಿನಲ್ಲೇ ಅಜ್ಜ ತೀರಿಕೊಂಡರು. ಅಲ್ಲಿ ಕಾಫಿ ತೋಟದಲ್ಲಿ ಕೂಲಿ ಕೆಲಸ. ಮೈಕಟ್ಟಿನ ಹುಡುಗ, ಗುಂಡು ಎಸೆತ, ಡಿಸ್ಕಸ್ ಎಸೆತದಲ್ಲಿ ಮುಂದು. 1960ರಲ್ಲಿ ಬ್ರೆಜಿಲ್‌ಗೆ ಬಂದಿದ್ದ ರಿಕಿಡೋಝಾನ್ ಕಣ್ಣಿಗೆ ಬಿದ್ದರು. ಯುದ್ಧದಲ್ಲಿ ಸೋತು ಕೂತಿದ್ದ ಜಪಾನಿಗೆ ಟಿವಿ ಮೂಲಕ ಪ್ರೊ ರೆಸ್ಲಿಂಗ್ ಹುಚ್ಚು ಹಿಡಿಸಿದ ಪೈಲ್ವಾನ್ ಅವರು. ಹುಡುಗನನ್ನು ಕರೆದುಕೊಂಡು ಬಂದು ಅದೇ ವರ್ಷ ಸೆಪ್ಟೆಂಬರ್ 30ರಂದು ರಿಂಗಿಗೆ ಇಳಿಸಿದರು. ಅದೇ ದಿನ ಇನ್ನೊಬ್ಬ ಶಿಷ್ಯ ಜೈಂಟ್ ಬಾಬಾ ಕೂಡ ಇಳಿದರು. 1963ರಲ್ಲಿ ರಿಕಿಡೋಝಾನ್ ಚಾಕು ಇರಿತಕ್ಕೆ ಬಲಿಯಾದರು. ಮುಂದೆ ಶಿಷ್ಯರಿಬ್ಬರ ದಾರಿ ಬೇರೆಯಾಯಿತು. 1972ರಲ್ಲಿ ಬಾಬಾ 'ಆಲ್ ಜಪಾನ್' ಅನ್ನೋ ಕುಸ್ತಿ ಸಂಸ್ಥೆ ಕಟ್ಟಿದರು, ಇನೋಕಿ 'ನ್ಯೂ ಜಪಾನ್' ಕಟ್ಟಿದರು.

ಕುಸ್ತಿ ಬರೀ ತಮಾಷೆ, ನಿಜವಾದ ಹೊಡೆದಾಟವಲ್ಲ ಅನ್ನೋ ಮಾತು ಇನೋಕಿಗೆ ಸಹಿಸಲಾಗುತ್ತಿರಲಿಲ್ಲ. ಕುಸ್ತಿ ಗುರು ಕಾರ್ಲ್ ಗಾಚ್ ಹತ್ತಿರ ಅವರು ಕಲಿತಿದ್ದು ಕೈಕಾಲು ಮುರಿಯುವಂಥ ಗಟ್ಟಿ ಪಟ್ಟು. ನಮ್ಮ ಗರಡಿಮನೆಗಳಲ್ಲಿ ಹೊಡೆಯುವ ದಂಡ, ಬಸ್ಕಿಗಳನ್ನೇ ಗಾಚ್ ತಮ್ಮ ಶಿಷ್ಯರಿಂದಲೂ ಮಾಡಿಸುತ್ತಿದ್ದರು. ಬೆವರು ನಿಜ, ನೋವು ನಿಜ, ಆದರೂ 'ನಾಟಕ' ಅಂತಾರೆ. ಅದಕ್ಕೇ ಬೇರೆ ಬೇರೆ ಕಲೆಯ ಚಾಂಪಿಯನ್‌ಗಳನ್ನು ರಿಂಗಿಗೆ ಕರೆದರು. 1976ರ ಫೆಬ್ರವರಿಯಲ್ಲಿ ಒಲಿಂಪಿಕ್ ಜೂಡೊ ಚಾಂಪಿಯನ್ ವಿಲ್ಲೆಮ್ ರುಸ್ಕಾ, ಜೂನ್‌ನಲ್ಲಿ ಅಲಿ.

ಡಿಸೆಂಬರ್‌ನಲ್ಲಿ ಕರಾಚಿಗೆ ಹೋಗಿ ಅಕ್ರಮ್ ಪೈಲ್ವಾನ್ ಎದುರು ನಿಂತರು. ಅಕ್ರಮ್ ಅಂದರೆ ಹೆಸರಾಂತ ಕುಸ್ತಿಪಟು ಗಾಮಾ ಪೈಲ್ವಾನರ ತಮ್ಮ ಇಮಾಮ್ ಬಕ್ಷ್ ಅವರ ಮಗ. ಆ ಪಂದ್ಯವೂ ನಿಜವಾದ ಹೊಡೆದಾಟವೇ ಆಯಿತು. ಇನೋಕಿ ತೋಳು ತಿರುಚಿ ಹಿಡಿದರು. ಅಕ್ರಮ್ ಸೋಲು ಒಪ್ಪಲಿಲ್ಲ, ತೋಳಿಗೆ ಪೆಟ್ಟಾಯಿತು, ಪಂದ್ಯ ಮುಗಿಯಿತು. ಇದನ್ನು ಖುಷಿಯಿಂದ ನೋಡಲು ನನ್ನಿಂದ ಆಗಲ್ಲ. 1979ರಲ್ಲಿ ಲಾಹೋರ್‌ನಲ್ಲಿ ಅದೇ ಮನೆತನದ ಹುಡುಗ ಝಾರಾ ಎದುರಾದ. ಆ ಸಲ ಕೊನೆಯಲ್ಲಿ ಇನೋಕಿಯೇ ಅವನ ಕೈ ಎತ್ತಿ ಹಿಡಿದರು. ಆ ನಡೆ ನನಗೆ ತುಂಬಾ ಇಷ್ಟ.

ಆಮೇಲಿನ ಬದುಕೂ ಸಣ್ಣದಲ್ಲ. 1989ರಲ್ಲಿ ಜಪಾನ್ ಸಂಸತ್ತಿನ ಮೇಲ್ಮನೆಗೆ ಆರಿಸಿ ಬಂದರು. 1990ರಲ್ಲಿ ಇರಾಕ್‌ನಲ್ಲಿ ಒತ್ತೆಯಾಳಾಗಿದ್ದ ಜಪಾನಿಯರಿಗಾಗಿ ಬಾಗ್ದಾದ್‌ಗೆ ಹೋಗಿ ಕ್ರೀಡಾಕೂಟ ನಡೆಸಿದರು, ಒತ್ತೆಯಾಳುಗಳು ಮನೆಗೆ ಮರಳಿದರು. 1995ರಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಕುಸ್ತಿ ನಡೆಸಿದರು. 1998ರಲ್ಲಿ ಟೋಕಿಯೋ ಡೋಮ್‌ನಲ್ಲಿ ಕೊನೆಯ ಪಂದ್ಯ. 2022ರ ಅಕ್ಟೋಬರ್ 1ರಂದು, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಲಿ ಪಂದ್ಯದ ಮರುದಿನ ನಗುತ್ತಿದ್ದವರೇ ಜಾಸ್ತಿ. ಇವತ್ತು ಮಿಶ್ರ ಸಮರಕಲೆಯ (ಎಂಎಂಎ, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಆಟ) ಪಂದ್ಯ ನೋಡಿ ಬೆಳೆದವರಿಗೆ, ಮಲಗಿ ಹೋರಾಡುವುದು, ಮೀನಖಂಡಕ್ಕೆ ಒದೆಯುವುದು ಮಾಮೂಲು. ಆ ಆಟದ ಬೇರು ಹುಡುಕುವವರು ಈ ಪಂದ್ಯದ ಹೆಸರು ಹೇಳದೆ ಮುಂದೆ ಹೋಗಲ್ಲ. ನೀವು ವಿಡಿಯೊ ಮತ್ತೆ ನೋಡುವುದಾದರೆ ಇನೋಕಿಯನ್ನು ಬಿಡಿ, ಅಲಿಯ ಎಡಗಾಲನ್ನೇ ನೋಡುತ್ತಾ ಹೋಗಿ. 15ನೇ ಸುತ್ತಿನ ಹೊತ್ತಿಗೆ ಅದರ ಮೇಲಿನ ಗುರುತುಗಳು ಎದ್ದು ಕಾಣುತ್ತವೆ.