ತೆರೆದ ಪುಸ್ತಕದ ಆನ್‌ಲೈನ್ ಪರೀಕ್ಷೆ: ಅನುಮತಿ ಯಾರಿಗೆ ತಲುಪಬೇಕು?

ಆನ್‌ಲೈನ್ ಬಿ.ಕಾಂ. ವಿದ್ಯಾರ್ಥಿಗಳಿಗೆ ವ್ಯವಹಾರ ಕಾನೂನು ಕಲಿಸುವ ನನ್ನನ್ನು ಪ್ರತಿ ಸೆಮಿಸ್ಟರ್‌ನಲ್ಲೂ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಓಪನ್ ಬುಕ್ ಅಂದರೆ ಏನೇನು ಇಟ್ಟುಕೊಳ್ಳಬಹುದು?" ಇದಕ್ಕೆ ತರಗತಿಯಲ್ಲಿ ಬಾಯಿಮಾತಿನ ಉತ್ತರ ಕೊಟ್ಟು ಮುಗಿಸಬಾರದು. ಪರೀಕ್ಷೆಯ ದಿನ ವಿದ್ಯಾರ್ಥಿಯನ್ನು ಗಮನಿಸುತ್ತಿರುವವರು ಕ್ಯಾಮೆರಾದ ಆಚೆ ಕುಳಿತ, ವಿಷಯದ ಪರಿಚಯವಿಲ್ಲದ ಮೇಲ್ವಿಚಾರಕರು. ಕೆಲವೊಮ್ಮೆ ಬರೀ ತಂತ್ರಾಂಶ. ತರಗತಿಯಲ್ಲಿ ನಾನು ಹೇಳಿದ ಮಾತು ಅವರಿಗೆ ತಲುಪಿರುವುದಿಲ್ಲ.

2020ರ ಆಗಸ್ಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯವು ಅಂತಿಮ ವರ್ಷದವರಿಗೆ ತೆರೆದ ಪುಸ್ತಕದ ಪರೀಕ್ಷೆ ನಡೆಸಿದಾಗ ವಿದ್ಯಾರ್ಥಿಗಳು ಮನೆಯಲ್ಲೇ ಬರೆದು, ಉತ್ತರಗಳನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದರು. ಯಾರೂ ನೋಡುತ್ತಿಲ್ಲವೆಂದ ಮೇಲೆ ಯಾವ ಪುಸ್ತಕ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಮೇಲ್ವಿಚಾರಣೆಯ ಪರೀಕ್ಷೆಯಲ್ಲಿ ಎಲ್ಲವೂ ಆ ಪ್ರಶ್ನೆಯ ಮೇಲೆಯೇ ನಿಂತಿರುತ್ತದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ, ಮೇಜಿನ ಮೇಲೆ 1872ರ ಭಾರತೀಯ ಕರಾರು ಅಧಿನಿಯಮದ ಪ್ರತಿ ಇದೆ ಎಂದುಕೊಳ್ಳಿ. ವಿದ್ಯಾರ್ಥಿನಿ ತಲೆ ಬಗ್ಗಿಸಿ ಪುಟ ತಿರುವುತ್ತಾಳೆ, ಬೆರಳಿಟ್ಟು ಸಾಲು ಹುಡುಕುತ್ತಾಳೆ, ಮತ್ತೆ ಪರದೆಯತ್ತ ನೋಡುತ್ತಾಳೆ. ಮುಚ್ಚಿದ ಪುಸ್ತಕದ ಪರೀಕ್ಷೆಗೆಂದು ಹೊಂದಿಸಿದ ತಂತ್ರಾಂಶವು ಪ್ರತಿ ಸಲವೂ "ದೃಷ್ಟಿ ಪರದೆಯಿಂದ ಸರಿದಿದೆ" ಎಂದು ಗುರುತು ಹಾಕುತ್ತದೆ. ನಿಯಮದಂತೆ ಬರೆದವಳ ವರದಿಯೇ ಎಲ್ಲರಿಗಿಂತ ಕೆಟ್ಟದಾಗಿ ಕಾಣುವುದು ಹೀಗೆ.

ಆದ್ದರಿಂದ ಅನುಮತಿಯ ವಾಕ್ಯ ಮೂರು ಕಡೆ ಒಂದೇ ರೀತಿಯಲ್ಲಿರಬೇಕು ಎಂಬುದು ನನ್ನ ಆಗ್ರಹ: ಕೋರ್ಸಿನ ಆರಂಭದಲ್ಲಿ ಕೊಡುವ ಪಠ್ಯಯೋಜನೆಯಲ್ಲಿ, ಪ್ರಶ್ನೆಪತ್ರಿಕೆಯ ತಲೆಯಲ್ಲಿ, ಮೇಲ್ವಿಚಾರಕರಿಗೆ ಹೋಗುವ ಸೂಚನಾಪತ್ರದಲ್ಲಿ. ಇದು ಹೊಸ ಪದ್ಧತಿಯೇನಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಂತ್ರ ವಿನ್ಯಾಸದ ಪ್ರಶ್ನೆಪತ್ರಿಕೆಯ ಮೇಲೆ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಬಳಸಬಹುದೆಂದು ಮುದ್ರಿಸುವುದು ಹಳೆಯ ರೂಢಿ.

ವಾಕ್ಯದಲ್ಲಿ ಏನಿರಬೇಕು ಎನ್ನುವಲ್ಲಿ ಹೆಚ್ಚು ಎಚ್ಚರ ಬೇಕು. ವಕೀಲರಾಗುವವರು ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಮೊದಲು ಪುಸ್ತಕಗಳಿಗೆ ಅವಕಾಶವಿತ್ತು. ನಂತರ ಅದನ್ನು ಟಿಪ್ಪಣಿಗಳಿಲ್ಲದ, ಕಾನೂನಿನ ಮೂಲಪಾಠವಷ್ಟೇ ಇರುವ ಬೇರ್ ಆಕ್ಟ್‌ಗೆ ಸೀಮಿತಗೊಳಿಸಲಾಯಿತು. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಬೇರ್ ಆಕ್ಟ್‌ಗಳಲ್ಲಿ ಪ್ರಕಾಶಕರೇ ಸೇರಿಸಿದ ತೀರ್ಪುಗಳ ಸಾರಾಂಶವಿರುತ್ತದೆ. ಹಾಗಾಗಿ ನಾನು ಸರ್ಕಾರದ ಕಾನೂನು ಜಾಲತಾಣವಾದ ಇಂಡಿಯಾ ಕೋಡ್‌ನಲ್ಲಿ ಉಚಿತವಾಗಿ ಸಿಗುವ ಪ್ರತಿಯನ್ನೇ ಹೆಸರಿಸುತ್ತೇನೆ. ಗೆರೆ ಎಳೆಯಬಹುದು, ಪುಟಗಳಿಗೆ ಬಣ್ಣದ ಚೀಟಿ ಅಂಟಿಸಬಹುದು, ಅಂಚಿನಲ್ಲಿ ಬರೆಯುವಂತಿಲ್ಲ. ಪರೀಕ್ಷೆಗೆ ಮುನ್ನ ಗುರುತಿನ ಚೀಟಿ ತೋರಿಸುವಾಗಲೇ ಪುಸ್ತಕವನ್ನೂ ಕ್ಯಾಮೆರಾದ ಮುಂದೆ ಪುಟ ತಿರುವಿ ತೋರಿಸಬೇಕು.

ಪಿಡಿಎಫ್‌ ಬಗ್ಗೆ ನನ್ನ ನಿಲುವು ಖಚಿತವಾಗಿದೆ. ಬ್ರೌಸರ್‌ಗೆ ಬೀಗ ಹಾಕುವ ತಂತ್ರಾಂಶ ಬಳಸುತ್ತಿದ್ದರೆ ಬೇರೆ ಕಡತ ತೆರೆಯುವುದೇ ಸಾಧ್ಯವಿಲ್ಲ. ಅಂಥಲ್ಲಿ "ಸಾಫ್ಟ್ ಕಾಪಿ ಇಟ್ಟುಕೊಳ್ಳಬಹುದು" ಎನ್ನುವುದು ಕೊಟ್ಟೂ ಕೊಡದ ಅನುಮತಿ. ಒಂದೋ ಕಡತವನ್ನು ಪರೀಕ್ಷೆಯ ಪುಟದೊಳಗೇ ಸೇರಿಸಬೇಕು, ಇಲ್ಲವೇ ಮುದ್ರಿತ ಪ್ರತಿ ಮಾತ್ರ ಎಂದು, ಝೆರಾಕ್ಸ್ ಅಂಗಡಿ ದೂರವಿರುವ ಹಳ್ಳಿಯವರಿಗೂ ಸಮಯ ಸಿಗುವಂತೆ, ವಾರಗಳ ಮೊದಲೇ ತಿಳಿಸಬೇಕು. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಮುದ್ರಿತ ಪ್ರತಿಯಿಂದ ಪ್ರಯೋಜನವಿಲ್ಲವಾದ್ದರಿಂದ, ಅವರಿಗಿರುವ ವಿನಾಯಿತಿಯನ್ನೂ ಅದೇ ಸೂಚನಾಪತ್ರದಲ್ಲಿ ಬರೆಯಬೇಕು. ಗೂಗಲ್ ಹುಡುಕಾಟ, ಚಾಟ್‌ಜಿಪಿಟಿಯಂಥ ಸಾಧನಗಳು, ವಾಟ್ಸ್ಆ್ಯಪ್ ಗುಂಪು ಇವುಗಳನ್ನು ಹೆಸರು ಹಿಡಿದೇ ನಿಷೇಧಿಸಬೇಕು.

ಇಷ್ಟೆಲ್ಲ ಮಾಡಿಯೂ ಪ್ರಶ್ನೆ ಹಳೆಯದೇ ಆಗಿದ್ದರೆ ಫಲವಿಲ್ಲ. "ಕರಾರು ಮಾಡಿಕೊಳ್ಳಲು ಯಾರು ಅರ್ಹರು?" ಎಂದು ಕೇಳಿದರೆ ಸೆಕ್ಷನ್ 11 ನೋಡಿ ಬರೆದರಾಯಿತು. ಬದಲಿಗೆ, 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಓದಿಗೆಂದು ಲ್ಯಾಪ್‌ಟಾಪನ್ನು ಕಂತಿನ ಮೇಲೆ ತಂದು ಹಣ ಕಟ್ಟದಿದ್ದರೆ ಅಂಗಡಿಯವನು ಏನು ಕೇಳಬಹುದು ಎಂದು ಕೊಡುತ್ತೇನೆ. ಓದದೆ ಬಂದವರು ಸೆಕ್ಷನ್ 11ರಲ್ಲೇ ನಿಂತು "ಅಪ್ರಾಪ್ತಳ ಕರಾರು ಅನೂರ್ಜಿತ, ಏನೂ ಸಿಗದು" ಎಂದು ಮುಗಿಸುತ್ತಾರೆ. ಓದಿದವರು ಸೆಕ್ಷನ್ 68ಕ್ಕೆ ಹೋಗಿ, ಲ್ಯಾಪ್‌ಟಾಪ್ ಅವಳ ಜೀವನಸ್ಥಿತಿಗೆ ತಕ್ಕ ಅಗತ್ಯವಸ್ತುವೇ ಎಂದು ವಿಚಾರಿಸಿ, ಹೌದಾದರೆ ಅದರ ಹಣವನ್ನು ಅವಳ ಆಸ್ತಿಯಿಂದ ವಸೂಲಿ ಮಾಡಬಹುದೇ ಹೊರತು ಅವಳನ್ನೇ ಹೊಣೆ ಮಾಡುವಂತಿಲ್ಲ ಎಂದು ಬರೆಯುತ್ತಾರೆ. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಪುಸ್ತಕ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿಯೆಂದರೆ, ಅನುಮತಿಯ ಬಗ್ಗೆ ಸಂದೇಹವಿದ್ದರೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಕಾಲೇಜುಗಳು ಕೂಡ ತಂತ್ರಾಂಶದ ವರದಿಯನ್ನು ನೇರವಾಗಿ ಶಿಸ್ತು ಸಮಿತಿಗೆ ಕಳುಹಿಸದೆ, ಮೊದಲು ಪತ್ರಿಕೆ ತಯಾರಿಸಿದ ಅಧ್ಯಾಪಕರಿಗೆ ವಿಡಿಯೊ ಸಮೇತ ತೋರಿಸಬೇಕು. ತಲೆ ಬಗ್ಗಿಸಿದ್ದು ಪುಸ್ತಕಕ್ಕೋ ಮೊಬೈಲಿಗೋ ಎಂದು ಅವರು ಸಹಿ ಹಾಕಿ ತಿಳಿಸುವವರೆಗೆ ಫಲಿತಾಂಶವನ್ನು ತಡೆಹಿಡಿಯಬಾರದು.